ಮೀಥೇನ್ ಉಣ್ಣುವ ಜೀವಿ

ಮುಧೋಳ, ಜಮಖಂಡಿ ಕಡೆಯ ಕಬ್ಬು ಸಕ್ಕರೆಯಾಗಿ, ಅದರ ಕಾಕಂಬಿ ಮದ್ಯಸಾರವಾದ ಮೇಲೂ ಕೊನೆಗೊಂದು ಕಪ್ಪು ನೀರು ಉಳಿಯುತ್ತದೆ. ಗಾಳಿಯಾಡದೆ ಕೊಳೆತರೆ ಅದರಿಂದ ಮೀಥೇನ್ ಏಳುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುವ ಅನಿಲವದು. ಅದನ್ನು ಹಿಡಿದು ಉರುವಲಾಗಿಸುವುದು ಹಳೆಯ, ಒಳ್ಳೆಯ ದಾರಿ. ನನ್ನನ್ನು ಬೆರಗುಗೊಳಿಸುವುದು ಇನ್ನೊಂದು.

ಕೆಲವು ಬ್ಯಾಕ್ಟೀರಿಯಾಗಳಿಗೆ ಮೀಥೇನೇ ಊಟ. ಗದ್ದೆಯ ಮಣ್ಣಿನಲ್ಲೂ ಕೆರೆಯ ಕೆಸರಿನಲ್ಲೂ ಅವು ಬದುಕಿವೆ. ಮೀಥೇನಿನ ಬಂಧ ಬಲು ಗಟ್ಟಿ. ಅದನ್ನು ಮುರಿಯಲು ಕಾರ್ಖಾನೆಗಳಿಗೆ 800 ಡಿಗ್ರಿಯ ಆಸುಪಾಸಿನ ಶಾಖ ಬೇಕು. ಈ ಜೀವಿಯ ಕಿಣ್ವವೊಂದು ತಾಮ್ರದ ನೆರವಿನಿಂದ, ನಮ್ಮ ಬಾಗಲಕೋಟೆಯ ಬೇಸಿಗೆಯಷ್ಟು ಕಾವಿನಲ್ಲೇ, ಅದಕ್ಕೊಂದು ಆಮ್ಲಜನಕದ ಪರಮಾಣು ಸೇರಿಸಿ ಮೆಥನಾಲ್ ಮಾಡುತ್ತದೆ. ಆಮೇಲೆ ಫಾರ್ಮಾಲ್ಡಿಹೈಡ್, ಅಲ್ಲಿಂದ ಹಂತಹಂತವಾಗಿ ಪ್ರೋಟೀನ್. ಎಂಥ ಕುಸುರಿ!

ಎಳಿಲ್ ಸುಬ್ಬಿಯನ್, ವಿನೋದ್ ಕುಮಾರ್ 2013ರಲ್ಲಿ ಕಟ್ಟಿದ ಬೆಂಗಳೂರಿನ ಸ್ಟ್ರಿಂಗ್ ಬಯೊ ಇದನ್ನೇ ಕಸುಬಾಗಿಸಿಕೊಂಡಿದೆ: ಪ್ರಾಣಿಗಳ ಮೇವಿಗೆ ಪ್ರೋಟೀನ್, ಬೆಳೆಗೆ ಚೇತನ ಕೊಡುವ ದ್ರವ. ಸುಲಭದ ಕೆಲಸವಲ್ಲ. ಮೀಥೇನ್ ನೀರಿನಲ್ಲಿ ಕರಗುವುದೇ ಕಡಿಮೆ, ಆಮ್ಲಜನಕದ ಜೊತೆ ಹದ ತಪ್ಪಿದರೆ ಸಿಡಿಯುತ್ತದೆ. ನೀರಿಗೆ ಊದುವ ಅನಿಲದ ಗುಳ್ಳೆ ಎಷ್ಟು ಸಣ್ಣದಾದರೆ ಜೀವಿಗೆ ಅಷ್ಟು ಉಣಿಸು. ಇಡೀ ಕೌಶಲ ನಿಂತಿರುವುದು ಅಲ್ಲಿ.

ಕಬ್ಬಿನ ಈ ಬಾಗಲಕೋಟೆ ಜಿಲ್ಲೆಯಲ್ಲಿ ಕಚ್ಚಾಮಾಲು ಕಣ್ಣೆದುರಿಗಿದೆ. ವಿದ್ಯಾಗಿರಿಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನ ಮಕ್ಕಳು ಆ ಗುಳ್ಳೆಯ ಲೆಕ್ಕಕ್ಕೆ ಕೈ ಹಾಕಲಿ ಎಂಬುದು ನನ್ನ ದೊಡ್ಡ ಆಸೆ.