ಹಳೆಯ ಯುದ್ಧವಿಮಾನ ಎಷ್ಟು ಹಳೆಯದು?

ಎರಡನೇ ಮಹಾಯುದ್ಧದಲ್ಲಿ ಜಪಾನಿನ ನೌಕಾಪಡೆಗಾಗಿ ತಯಾರಾದ ಮಿತ್ಸುಬಿಷಿ ಜೀರೋ ಯುದ್ಧವಿಮಾನಗಳು ಹತ್ತು ಸಾವಿರಕ್ಕೂ ಹೆಚ್ಚು. ಇಂದು ಮ್ಯೂಸಿಯಮ್ಮುಗಳಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ಅವುಗಳಲ್ಲೂ ತನ್ನ ಕಾಲದ ಸಕಾಯೆ ಎಂಜಿನ್ನಿನಿಂದಲೇ ಹಾರುವ ಜೀರೋ ಎಂದು ಹೆಸರಾಗಿರುವುದು ಒಂದೇ. ಅದು 1944ರಲ್ಲಿ ಸೈಪಾನ್ ದ್ವೀಪದಲ್ಲಿ ಅಮೆರಿಕನ್ನರ ಕೈಗೆ ಸಿಕ್ಕಿ, ಈಗ ಕ್ಯಾಲಿಫೋರ್ನಿಯಾದ ಚೀನೊದ ಪ್ಲೇನ್ಸ್ ಆಫ್ ಫೇಮ್ ಮ್ಯೂಸಿಯಂನಲ್ಲಿದೆ.

ಜೀರೋ ಇಷ್ಟು ವಿರಳವಾಗಲು ಅದರ ಲೋಹವೂ ಒಂದು ಕಾರಣ. ತೂಕ ಇಳಿಸುವುದೇ ಅದರ ವಿನ್ಯಾಸಕಾರರ ವ್ರತವಾಗಿತ್ತು. ರೆಕ್ಕೆಯ ಮುಖ್ಯ ತೊಲೆಗೆ ಬಳಸಿದ ಹೊಸ ಅಲ್ಯೂಮಿನಿಯಂ ಮಿಶ್ರಲೋಹ ಹಗುರವೂ ಹೌದು, ಗಟ್ಟಿಯೂ ಹೌದು; ಆದರೆ ಉಪ್ಪುಗಾಳಿಗೆ ಒಳಗಿಂದೊಳಗೇ ಪುಡಿಯಾಗುತ್ತದೆ. ಪೆಸಿಫಿಕ್ ದ್ವೀಪಗಳ ಕಾಡಿನಲ್ಲಿ ದಶಕಗಳ ಕಾಲ ಬಿದ್ದಿದ್ದ ಜೀರೋವನ್ನು ಎತ್ತಿ ತಂದರೆ, ಸಿಗುವುದು ಹೆಚ್ಚಾಗಿ ಅಳತೆ ತೆಗೆದುಕೊಳ್ಳಲಷ್ಟೇ ಯೋಗ್ಯವಾದ ಅವಶೇಷ. ಪೈಲಟ್ಟಿನ ಆಸನವನ್ನು ಹತ್ತಿರದಿಂದ ನೋಡಿದರೆ ಹಗುರತನದ ಹಟ ಎಲ್ಲಿಯವರೆಗೆ ಹೋಗಿತ್ತೆಂದು ತಿಳಿಯುತ್ತದೆ. ತೆಳು ತಗಡಿನ ಆ ಆಸನದ ತುಂಬ ದುಂಡನೆಯ ತೂತುಗಳು. ತೂತು ಕೊರೆದಷ್ಟೂ ತೂಕ ಕಡಿಮೆ. ಆರಂಭದ ಮಾದರಿಗಳಲ್ಲಿ ಪೈಲಟ್ಟಿನ ಬೆನ್ನಿಗೆ ಉಕ್ಕಿನ ರಕ್ಷಾಫಲಕವಿಲ್ಲ, ಗುಂಡು ತಗುಲಿದರೆ ತಾನೇ ಮುಚ್ಚಿಕೊಳ್ಳುವ ಇಂಧನ ಟ್ಯಾಂಕೂ ಇಲ್ಲ. ಒಳಮೈಗೆ ಬಳಿದ ತೆಳು ನೀಲಿ-ಹಸಿರು ಅರಗೊಂದೇ ಲೋಹಕ್ಕಿದ್ದ ಕಾವಲು. ಅಸಲಿ ಜಪಾನೀ ತಗಡನ್ನು ಗುರುತಿಸಲು ಬಲ್ಲವರು ಮೊದಲು ಹುಡುಕುವುದು ಈ ಬಣ್ಣವನ್ನೇ.

1990ರ ದಶಕದಲ್ಲಿ ನ್ಯೂ ಗಿನಿಯ ಬಾಬೊದಿಂದ ತಂದ ಅವಶೇಷಗಳನ್ನು ಆಧಾರವಾಗಿಟ್ಟುಕೊಂಡು ರಷ್ಯಾದಲ್ಲಿ ಕೆಲವು ಜೀರೋಗಳನ್ನು ಬಹುಮಟ್ಟಿಗೆ ಹೊಸದಾಗಿಯೇ ಕಟ್ಟಲಾಯಿತು. ಅವುಗಳ ಮೂತಿಯೊಳಗಿರುವುದು ಅಮೆರಿಕದ ಪ್ರ್ಯಾಟ್ ಆ್ಯಂಡ್ ವಿಟ್ನಿ ಟ್ವಿನ್ ವಾಸ್ಪ್ ಎಂಜಿನ್. ಸಕಾಯೆಯಂತೆ ಇದಕ್ಕೂ ಎರಡು ಸಾಲಿನಲ್ಲಿ 14 ಸಿಲಿಂಡರ್, ಗಾತ್ರ ಮಾತ್ರ ತುಸು ದೊಡ್ಡದು. ಆಕಾಶದಲ್ಲಿ ಇವು ಕಣ್ಣಿಗೆ ಹಬ್ಬ. ಆದರೆ ಯುದ್ಧ ಕಂಡ ಲೋಹ ಅವುಗಳಲ್ಲಿ ಎಷ್ಟಿದೆ ಎಂದು ಕೇಳಿದರೆ ಉತ್ತರ ಅಷ್ಟೇನೂ ಉತ್ಸಾಹ ತರುವಂಥದ್ದಲ್ಲ.

ಜಪಾನಿನಲ್ಲಿ ಬೇರೆ ದಾರಿ ಹಿಡಿದವರಿದ್ದಾರೆ. ಭೂಸೇನೆಯ ಕಾವಾಸಾಕಿ ಹಿಯೆನ್ ವಿಮಾನವನ್ನು ಅದನ್ನು ತಯಾರಿಸಿದ ಕಂಪನಿಯೇ ದುರಸ್ತಿ ಮಾಡಿ 2016ರಲ್ಲಿ ಕೋಬೆಯಲ್ಲಿ ಜನರಿಗೆ ತೋರಿಸಿತು. ಈಗ ಅದು ಗಿಫು ಪ್ರಾಂತ್ಯದ ಕಾಕಾಮಿಗಾಹಾರಾ ಮ್ಯೂಸಿಯಂನಲ್ಲಿದೆ. ಅದಕ್ಕೆ ಬಣ್ಣ ಬಳಿದಿಲ್ಲ. ಬರೀ ಲೋಹದ ಮೈ, ಸಾಲುಸಾಲು ರಿವೆಟ್, ತೇಪೆ ಹಾಕಿದ ಜಾಗ ಎಲ್ಲವೂ ಎದುರಿಗೇ ಕಾಣುತ್ತವೆ. ಎಹಿಮೆ ಪ್ರಾಂತ್ಯದ ಐನಾನ್‌ನಲ್ಲಿರುವ ಶಿದೆನ್-ಕಾಯ್ ಇನ್ನೂ ಮುಂದಿನ ಮಾತು. 1979ರಲ್ಲಿ ಕಡಲ ತಳದಿಂದ ಎತ್ತಿದ ಆ ವಿಮಾನದ ಪ್ರೊಪೆಲ್ಲರ್ ಅಲಗುಗಳು ನೀರಿಗೆ ಬಡಿದಾಗ ಹೇಗೆ ಹಿಂದಕ್ಕೆ ಬಾಗಿದವೋ ಹಾಗೆಯೇ ಇವೆ. ಅವನ್ನು ನೆಟ್ಟಗೆ ಮಾಡಿದ್ದರೆ ವಿಮಾನ ಚೆಂದ ಕಾಣುತ್ತಿತ್ತೇನೋ, ಅದರ ಕೊನೆಯ ಕ್ಷಣ ಅಳಿಸಿಹೋಗುತ್ತಿತ್ತು.

ಶಿಕಾರಿಪುರ, ಸೊರಬದ ಓದುಗರಿಗೆ ಈ ವಾದ ಹೊಸದಲ್ಲ. ಬಳ್ಳಿಗಾವಿಯಲ್ಲಾಗಲಿ ಉದ್ರಿಯಲ್ಲಾಗಲಿ ಸವೆದ ವೀರಗಲ್ಲಿನ ಮೂಗು ತಿದ್ದಲು ಯಾರೂ ಶಿಲ್ಪಿಯನ್ನು ಕರೆಸುವುದಿಲ್ಲ. ಪುರಾತತ್ವ ಇಲಾಖೆ ಹಳೆಯ ಗುಡಿಯನ್ನು ದುರಸ್ತಿ ಮಾಡುವಾಗ ಕಳೆದುಹೋದ ಕೆತ್ತನೆಯ ಜಾಗಕ್ಕೆ ಸಾಮಾನ್ಯವಾಗಿ ಬೋಳು ಕಲ್ಲು ಕೂರಿಸುತ್ತದೆ. ಹಳತು ಯಾವುದು, ಹೊಸತು ಯಾವುದು ಎಂಬುದು ನೋಡುವವರಿಗೆ ಗೊತ್ತಾಗಲಿ ಎಂದು. ವಿಮಾನಕ್ಕೂ ಇದೇ ನ್ಯಾಯ ಸಲ್ಲಬೇಕು.

ಜಪಾನೀ ವಿಮಾನಗಳು ಭಾರತಕ್ಕೆ ಶತ್ರುವಾಗಿಯೇ ಬಂದವು. 1942ರ ಏಪ್ರಿಲ್ 5ರಂದು ನೆರೆಯ ಶ್ರೀಲಂಕೆಯ ಕೊಲಂಬೊ, ಮರುದಿನ ವಿಶಾಖಪಟ್ಟಣ ಮತ್ತು ಕಾಕಿನಾಡ, ಡಿಸೆಂಬರಿನಲ್ಲಿ ಕಲ್ಕತ್ತ ಬಾಂಬಿಗೆ ಗುರಿಯಾದವು. ಬರ್ಮಾ ಮತ್ತು ಇಂಫಾಲದ ಆಕಾಶದಲ್ಲಿ ಹೆಚ್ಚಾಗಿ ಕಾದಿದ್ದು ಜೀರೋ ಅಲ್ಲ, ಭೂಸೇನೆಯ ನಕಾಜಿಮಾ ಹಯಾಬುಸಾ. ಇವೆರಡರಲ್ಲಿ ಯಾವುದೂ ಭಾರತದ ಮ್ಯೂಸಿಯಮ್ಮುಗಳಲ್ಲಿ ಕಾಣಸಿಗುವುದಿಲ್ಲ. ದೆಹಲಿಯ ಪಾಲಂನಲ್ಲಿರುವ ವಾಯುಪಡೆ ಮ್ಯೂಸಿಯಂನಲ್ಲಿ ಇರುವುದು ಓಹ್ಕಾ. ಅದನ್ನು ಯುದ್ಧವಿಮಾನ ಎನ್ನುವುದೂ ಕಷ್ಟ. ಮೂತಿಯಲ್ಲಿ 1,200 ಕಿಲೋ ಸಿಡಿಮದ್ದು, ಬಾಲದಲ್ಲಿ ಮೂರು ರಾಕೆಟ್, ನಡುವೆ ಒಬ್ಬ ಪೈಲಟ್. ತಾಯಿ ವಿಮಾನದ ಹೊಟ್ಟೆಯಡಿ ತೂಗಿಕೊಂಡು ಹೋಗಿ, ಹಡಗಿಗೆ ಅಪ್ಪಳಿಸಲೆಂದೇ ಮಾಡಿದ್ದು. ಇಳಿಯಲು ಚಕ್ರಗಳೇ ಇಲ್ಲ. ಉಳಿದ ಜಪಾನೀ ವಿಮಾನಗಳನ್ನು ಮೆಚ್ಚಿ ನೋಡುವವರೂ ಇದರ ಮುಂದೆ ಮೆಚ್ಚುಗೆಯ ಮಾತಾಡಲಾರರು.

ಆ ಯುದ್ಧಕ್ಕೆ ಕರ್ನಾಟಕದ ನಂಟು ಬೆಂಗಳೂರಿನಲ್ಲಿದೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜತೆಗೂಡಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಎಚ್‌ಎಎಲ್) ಕಂಪನಿಯನ್ನು ಹುಟ್ಟುಹಾಕಿದರು. 1941ರಲ್ಲಿ ಇಲ್ಲಿ ಜೋಡಿಸಿದ ಹಾರ್ಲೊ ತರಬೇತಿ ವಿಮಾನ ಹಾರಿತು, ಮರುವರ್ಷ ಕರ್ಟಿಸ್ ಹಾಕ್ ಯುದ್ಧವಿಮಾನ. ಅಷ್ಟರಲ್ಲಿ ಜಪಾನೀಯರು ಬರ್ಮಾದವರೆಗೆ ಬಂದಾಗಿತ್ತು. ವಿಮಾನ ತಯಾರಿಕೆ ಬದಿಗೆ ಸರಿದು, ದುರಸ್ತಿಯೇ ಮುಖ್ಯ ಕಸುಬಾಯಿತು. 1943ರಲ್ಲಿ ಅಮೆರಿಕದ ವಾಯುಸೇನೆ ಕಾರ್ಖಾನೆಯ ಹೊಣೆ ಹೊತ್ತಿತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ದುರಸ್ತಿಗೆಂದು ಬಂದು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಇಂದು ನೊರೆಗಾಗಿ ಸುದ್ದಿಯಾಗುವ ಕೆರೆ ಅದೇ.

ಬೆಂಗಳೂರಿನ ಕೈಚಳಕ ನಿಜಕ್ಕೂ ಗೊತ್ತಾದದ್ದು ಯುದ್ಧ ಮುಗಿದ ಮೇಲೆ. ಬರ್ಮಾದ ಜಪಾನೀ ನೆಲೆಗಳ ಮೇಲೆ ದಾಳಿ ಮಾಡಿದ್ದ ಬ್ರಿಟಿಷ್ ವಾಯುಪಡೆಯ ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರುಗಳು ಕಾನ್ಪುರದಲ್ಲಿ ಗುಜರಿಯಾಗಿ ಬಿದ್ದಿದ್ದವು. ಅಮೆರಿಕದಿಂದ ಕರಾರಿನ ಮೇಲೆ ಬಂದ ವಿಮಾನಗಳಾದ್ದರಿಂದ, ಬೇರೆಯವರ ಬಳಕೆಗೆ ಸಿಗದಂತೆ ಅವನ್ನು ಬೇಕೆಂದೇ ಹಾಳುಗೆಡವಿ ಹೋಗಿದ್ದರು. 1948ರಲ್ಲಿ ಹೊಸ ದೇಶದ ವಾಯುಪಡೆಗೆ ಭಾರೀ ಬಾಂಬರ್ ಬೇಕಾಯಿತು, ಕೊಳ್ಳಲು ಸಿಗಲಿಲ್ಲ. ಆಗ ಎಚ್‌ಎಎಲ್‌ನವರು ಕಾನ್ಪುರಕ್ಕೆ ಹೋಗಿ ಒಂದರ ಬಿಡಿಭಾಗ ಇನ್ನೊಂದಕ್ಕೆ ಹಾಕಿ, ಒಮ್ಮೆ ಹಾರಿದರೆ ಸಾಕು ಎನ್ನುವಷ್ಟು ರಿಪೇರಿ ಮಾಡಿದರು. ಪರೀಕ್ಷಾ ಪೈಲಟ್ ಜಿಮ್ಮಿ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ಬಿಚ್ಚಿ, ಮತ್ತೆ ಕಟ್ಟಿ ಕೊಟ್ಟ ಲಿಬರೇಟರುಗಳು ನಲವತ್ತರ ಆಸುಪಾಸು. ಕೊನೆಗೆ ಕಡಲ ಕಾವಲಿಗೆ ನಿಂತು, 1968ರವರೆಗೂ ಹಾರಿದವು. ಅಂದಹಾಗೆ ಇವುಗಳ ರೆಕ್ಕೆಯಲ್ಲಿದ್ದದ್ದೂ ಆ ಹೊಸ ಜೀರೋಗಳ ಮೂತಿಯಲ್ಲಿರುವ ಟ್ವಿನ್ ವಾಸ್ಪ್ ಎಂಜಿನ್ನೇ.

ಲಿಬರೇಟರುಗಳು ತಯಾರಾದದ್ದು 18 ಸಾವಿರಕ್ಕೂ ಹೆಚ್ಚು. ಅಮೆರಿಕದಲ್ಲೇ ಬಹುಪಾಲು ಕುಲುಮೆಗೆ ಹೋಗಿ ಕರಗಿದ್ದವು. ಭಾರತ ನಿವೃತ್ತಿಗೊಳಿಸುವ ಹೊತ್ತಿಗೆ ಜಗತ್ತಿನ ಮ್ಯೂಸಿಯಮ್ಮುಗಳು ಸರತಿ ನಿಂತವು. ಒಂದು ಕೆನಡಾದ ಒಟ್ಟಾವಕ್ಕೆ ಹೋಯಿತು, ಒಂದು ಅರಿಜೋನಾದ ಪೀಮಾ ಮ್ಯೂಸಿಯಂಗೆ. 1974ರಲ್ಲಿ ಒಂದನ್ನು ಬ್ರಿಟನ್ನಿನ ವಾಯುಪಡೆ ಮ್ಯೂಸಿಯಂಗೆ ಕೊಡಲಾಯಿತು. ಭಾರತದಿಂದ ಹೋಗಿ ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಸೇರಿದ ಲಿಬರೇಟರ್ 1989ರಲ್ಲಿ ಮತ್ತೆ ಹಾರಿತು. ಅದನ್ನು ಕಾಲಕಾಲಕ್ಕೆ ಬೇರೆ ಬೇರೆ ಅಮೆರಿಕನ್ ವಿಮಾನಗಳ ಬಣ್ಣದಲ್ಲಿ ಸಿಂಗರಿಸಿದ್ದಾರೆ. ಅದು ವೇಷ. ಅಮೆರಿಕನ್ ಸೈನಿಕರ ನೆನಪಿಗೆ ಆ ಬಣ್ಣವೆಂದರೆ ಒಪ್ಪಬಹುದು, ಆದರೆ ಆ ವಿಮಾನ ಎರಡು ದಶಕ ಹಾರಿದ್ದು ಭಾರತದ ತ್ರಿವರ್ಣದ ಚಕ್ರಗುರುತಿನಲ್ಲಿ. ಪಾಲಂನಲ್ಲಿ ಓಹ್ಕಾ ಇರುವ ಮ್ಯೂಸಿಯಂನಲ್ಲೇ ಭಾರತ ಉಳಿಸಿಕೊಂಡ ಲಿಬರೇಟರ್ ಕೂಡ ಇದೆ. ವೇಷ ಹಾಕದ್ದನ್ನು ನೋಡಬೇಕೆಂದರೆ ಅಲ್ಲಿಗೇ ಹೋಗಬೇಕು.

ಬೆಂಗಳೂರಿನ ಹಳೆ ಏರ್‌ಪೋರ್ಟ್ ರಸ್ತೆಯಲ್ಲಿ 2001ರಲ್ಲಿ ತೆರೆದ ಎಚ್‌ಎಎಲ್ ಮ್ಯೂಸಿಯಂನಲ್ಲಿ ಲಿಬರೇಟರ್ ಇಲ್ಲದಿರುವುದು ದೊಡ್ಡ ಕೊರತೆಯೇ. ಅಲ್ಲಿ ಹೊತ್ತು ಕಳೆಯಬೇಕಾದದ್ದು ಮಾರುತ್ ವಿಮಾನದ ಬಳಿ. ಜರ್ಮನಿಯ ಫೋಕ್-ವುಲ್ಫ್ 190 ಯುದ್ಧವಿಮಾನವನ್ನು ರೂಪಿಸಿದ ಕುರ್ಟ್ ಟ್ಯಾಂಕ್ ಯುದ್ಧಾನಂತರ ಬೆಂಗಳೂರಿಗೆ ಬಂದು ಇದರ ವಿನ್ಯಾಸದ ಮುಂದಾಳತ್ವ ವಹಿಸಿದ್ದರು. ಮೊದಲ ಹಾರಾಟ 1961ರ ಜೂನ್‌ನಲ್ಲಿ. ಎಂಜಿನ್ ವಿಭಾಗದಲ್ಲಿ ಕೊಯ್ದು ಒಳಗನ್ನು ತೋರಿಸುವ ಎಂಜಿನ್ನುಗಳಿವೆ. ಮಕ್ಕಳು ಅಲ್ಲಿಂದ ಬೇಗ ಕದಲುವುದಿಲ್ಲ.

ಸೊರಬದವರಿಗೆ ಬೆಂಗಳೂರಿಗಿಂತ ಕಾರವಾರ ಹತ್ತಿರ; ಶಿರಸಿಯ ಮೇಲೆ ಘಟ್ಟ ಇಳಿದರಾಯಿತು. ಅಲ್ಲಿನ ಟ್ಯಾಗೋರ್ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆಯ ಪಕ್ಕಕ್ಕೆ ನೌಕಾಪಡೆಯ ಟುಪೊಲೆವ್ 142 ವಿಮಾನವನ್ನು ಈಚಿನ ವರ್ಷಗಳಲ್ಲಿ ತಂದು ನಿಲ್ಲಿಸಿದ್ದಾರೆ. ಲಿಬರೇಟರುಗಳು ಮಾಡುತ್ತಿದ್ದ ಕಡಲ ಕಾವಲನ್ನು ಮುಂದೆ ಮಾಡಿದ ವಿಮಾನಗಳಲ್ಲಿ ಇದೂ ಒಂದು; 2017ರಲ್ಲಿ ನಿವೃತ್ತಿಯಾಯಿತು. ತಮಿಳುನಾಡಿನ ಅರಕ್ಕೋಣಂನಲ್ಲಿ ಬಿಚ್ಚಿ, ಲಾರಿಗಳಲ್ಲಿ ಸಾಗಿಸಿ, ಇಲ್ಲಿ ಮತ್ತೆ ಜೋಡಿಸಿದ್ದು. ರೆಕ್ಕೆ ಮೈಗೆ ಸೇರುವ ಕಡೆ ಕಣ್ಣಿಟ್ಟು ನೋಡುವುದು ಒಳ್ಳೆಯದು. ಇಲ್ಲೂ ಉಪ್ಪುಗಾಳಿ ಬೀಸುತ್ತದೆ, ವಿಮಾನ ನಿಂತಿರುವುದು ಬಯಲಿನಲ್ಲೇ.