ಮಾಗಿಯ ಗರಗಸ

ಮಂಗಳವಾರ ಬೆಳಿಗ್ಗೆ ನಮ್ಮ ಬೀದಿಯ ತಿರುವಿನ ಗುಲಾಬಿ ಟಬೂಬಿಯಾದ ತಲೆ ಕಡಿದು ಹಾಕಿದ್ದರು. ಕೆಳಗೆ ಬಿದ್ದಿದ್ದ ರೆಂಬೆಯೊಂದನ್ನು ಎತ್ತಿ ನೋಡಿದೆ. ತುದಿಯಲ್ಲಿ ಮೊಗ್ಗಿನ ಗೊಂಚಲು, ಒಂದೊಂದೂ ಗೋಧಿಕಾಳಿನಷ್ಟು. ಕೆಲವು ವಾರ ತಾಳಿದ್ದರೆ ಇಡೀ ತಿರುವು ಹೂವಾಗುತ್ತಿತ್ತು. ಗರಗಸ ಹಿಡಿದವರನ್ನು ಕೇಳಿದೆ. ‘ಚಳಿಗಾಲದಲ್ಲೇ ಅಲ್ವಾ ಸಾರ್ ಸವರೋದು?’ ಎಂದರು.

ಈ ಮಾತು ಹಿಮ ಬೀಳುವ ನಾಡಿನ ತೋಟಗಾರಿಕೆ ಪುಸ್ತಕಗಳದು. ಅಲ್ಲಿ ಎಲೆಯುದುರಿಸಿದ ಮರ ವಸಂತದವರೆಗೆ ಮಲಗಿರುತ್ತದೆ. ಆಗ ಸವರಿದರೆ ಸರಿ. ಬೆಂಗಳೂರಿನ ಮಾಗಿ ಬೇರೆ. ಆಕಾಶಮಲ್ಲಿಗೆ ಇನ್ನೂ ಉದುರುತ್ತಿರುವಾಗಲೇ ಟಬೂಬಿಯಾ ಮೊಗ್ಗು ಕಟ್ಟುತ್ತದೆ, ಅದರ ಹಿಂದೆ ಜಕರಂಡಾ, ಬೇಸಿಗೆಗೆ ಗುಲ್‌ಮೊಹರ್. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕೃಂಬಿಗಲ್, ಊರಿನಲ್ಲಿ ಒಂದಾದ ಮೇಲೊಂದು ಮರ ಹೂಬಿಡಲೆಂದೇ ಬೀದಿಗಳಿಗೆ ಮರ ಆರಿಸಿದವರು. ಸರದಿಯಲ್ಲಿ ಹೂಬಿಡುವ ಮರಗಳನ್ನು ಒಂದೇ ತಿಂಗಳಲ್ಲಿ ಸಾಲಾಗಿ ಸವರಿದರೆ ಆ ಸರದಿಯೇ ಮುರಿಯುತ್ತದೆ. ಟಬೂಬಿಯಾಕ್ಕೆ ಹೂ ಮುಗಿದ ಮೇಲೆ ಕೈಯಿಡಿ. ಹೊಳೆದಾಸವಾಳದ ಲೆಕ್ಕ ಬೇರೆ: ಚಳಿಗೆ ಎಲೆ ಕೆಂಪಾಗಿ ಉದುರುತ್ತದೆ, ಬೇಸಿಗೆಯ ಹೂವು ಹೊಸ ಚಿಗುರಿನ ತುದಿಯಲ್ಲಿ ಬರುತ್ತದೆ. ಅದಕ್ಕೆ ಜನವರಿಯೇ ಸರಿ.

ಯಾವಾಗ ಕಡಿಯಬೇಕೆಂಬುದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಎಲ್ಲಿ ಕಡಿಯಬೇಕೆಂಬುದು. ನನಗೆ ಕೆಲಸ ಕಲಿಸಿದ ಹಿರಿಯ ಮಾಲಿ, ಕೊಂಬೆಯನ್ನು ಕಾಂಡಕ್ಕೆ ಸಮನಾಗಿ ಕೊಯ್ದು ಡಾಂಬರು ಬಳಿಯುತ್ತಿದ್ದರು. ನೋಡಲು ನುಣುಪು. ಹತ್ತು ವರ್ಷ ನಾನೂ ಹಾಗೇ ಮಾಡಿದೆ. ಕೊನೆಗೊಮ್ಮೆ ಗುಲ್‌ಮೊಹರ್ ಒಂದು ಗಾಳಿಗೆ ಸೀಳಿತು. ನಾನು ಕೊಯ್ದ ಜಾಗದಿಂದಲೇ ಒಳಗೆ ಮೊಳಕೈಯುದ್ದ ಪೊಳ್ಳು. ಕೈ ಹಾಕಿದರೆ ಕಾಫಿಪುಡಿಯಂಥ ಒದ್ದೆ ಹುಡಿ ಸಿಕ್ಕಿತು.

ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೀಗೊ ಇದರ ಕಾರಣ ತೋರಿಸಿಕೊಟ್ಟರು. ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿದ ಮನುಷ್ಯ. 1986ರ ಅವರ ‘ಎ ನ್ಯೂ ಟ್ರೀ ಬಯಾಲಜಿ’ ನನ್ನ ಮೇಜಿನಿಂದ ಕೆಳಗಿಳಿದದ್ದೇ ಇಲ್ಲ. ನಮ್ಮ ಚರ್ಮದ ಗಾಯ ಮಾಯುವಂತೆ ಮರದ ಗಾಯ ಮಾಯುವುದಿಲ್ಲ ಎನ್ನುತ್ತಾರೆ ಅವರು. ಕೆಟ್ಟ ಭಾಗವನ್ನು ಮರ ಒಳಗೇ ಗೋಡೆ ಕಟ್ಟಿ ಬೇರ್ಪಡಿಸುತ್ತದೆ, ಆಮೇಲೆ ಹೊರಗಿನಿಂದ ಹೊಸ ಕಟ್ಟಿಗೆ ಬೆಳೆದು ಅದನ್ನು ಮುಚ್ಚುತ್ತದೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಬಳೆಯೊಂದಿರುತ್ತದೆ. ನಾನದನ್ನು ಕೊರಳು ಎನ್ನುತ್ತೇನೆ. ಅದು ಕಾಂಡಕ್ಕೆ ಸೇರಿದ್ದು. ಸಮನಾಗಿ ಕೊಯ್ದಾಗ ಹೋಗುವುದು ಆ ಕೊರಳೇ. ಉದ್ದ ಗೂಟ ಬಿಟ್ಟರೆ ಅದು ಒಣಗಿ, ಕೊಳೆತು, ಬಾಯಿ ಮುಚ್ಚಲು ಬಿಡುವುದಿಲ್ಲ. ಕೊರಳಿನ ಹೊರಗೆ, ಕೊರಳಿಗೆ ತಾಗಿದಂತೆ ಕೊಯ್ಯಬೇಕು. ಭಾರದ ಕೊಂಬೆಯಾದರೆ ಒಂದಡಿ ಆಚೆ ಮೊದಲು ಕೆಳಗಿನಿಂದ ಅರ್ಧಂಬರ್ಧ ಕೊಯ್ದು, ಆಮೇಲೆ ಮೇಲಿನಿಂದ ಇಳಿಸಿ. ಇಲ್ಲವಾದರೆ ಬೀಳುವಾಗ ತೊಗಟೆ ಸುಲಿದುಕೊಂಡು ಹೋಗುತ್ತದೆ. ಉಳಿದ ಗೂಟವನ್ನು ಕೊನೆಗೆ ತೆಗೆಯಿರಿ.

ಡಾಂಬರು, ಬಣ್ಣ ಬೇಡ. ಅವು ಕೊಳೆತವನ್ನು ತಡೆಯುವುದಿಲ್ಲವೆಂದೂ ಶೀಗೊ ತೋರಿಸಿದರು. ಆದರೂ ಇಂದಿಗೂ ಡಬ್ಬ ಹಿಡಿದು ಬರುವವರಿದ್ದಾರೆ.

ತಲೆ ಕಡಿಯುವ ಪದ್ಧತಿಯನ್ನಂತೂ ನಾನು ಯಾವತ್ತೂ ಒಪ್ಪಲಾರೆ. ಕಾಫಿ ತೋಟದಲ್ಲಿ ನೆರಳುಮರದ ಕೊಂಬೆ ಸವರುವ ಮರಗಸಿಯನ್ನು ನೋಡಿದವರಿಗೆ ಗೊತ್ತು: ನುರಿತ ಆಳು ಯಾವ ಕೊಂಬೆ ಹೋದರೆ ಎಷ್ಟು ಬೆಳಕು ಇಳಿಯುತ್ತದೆಂದು ಕೆಳಗೆ ನಿಂತೇ ಅಳೆಯುತ್ತಾನೆ. ಬೀದಿಯಲ್ಲಿ ತಲೆ ಕಡಿದಾಗ ಎಲೆಯೆಲ್ಲ ಹೋಗಿ, ಕೂಡಿಟ್ಟ ಆಹಾರವನ್ನೇ ಕರಗಿಸಿ ಮರ ಗೂಟದ ತುಂಬ ಎಳೆರೆಂಬೆ ಹೊರಡಿಸುತ್ತದೆ. ನೋಡಿದವರು ಮರ ಚೆನ್ನಾಗಿ ಚಿಗುರಿತು ಎನ್ನುತ್ತಾರೆ. ಆ ರೆಂಬೆಗಳಿಗೆ ಕಾಂಡದೊಳಗೆ ಹಿಡಿತವಿಲ್ಲ, ತೊಗಟೆಯಡಿಯಲ್ಲಷ್ಟೇ ನಿಂತಿರುತ್ತವೆ. ಮುಂಗಾರು ಪೂರ್ವದ ಗಾಳಿಗೆ ಕಾರಿನ ಮೇಲೆ ಬೀಳುವವು ಇವೇ.

ನಮ್ಮ ಅಂಗಳದ ಹೊಳೆದಾಸವಾಳದಲ್ಲಿ ಮೂರು ವರ್ಷದ ಹಿಂದೆ ಮಣಿಕಟ್ಟಿನಷ್ಟು ದಪ್ಪದ ಕೊಂಬೆ ತೆಗೆದಿದ್ದೆ. ನಿನ್ನೆ ನೋಡಿದೆ. ಸುತ್ತಲಿಂದ ತೊಗಟೆ ಉರುಳಿ ಬಂದು ನಡುವೆ ಎಂಟಾಣೆಯಷ್ಟು ಜಾಗ ಉಳಿದಿದೆ. ಅದರ ಪಕ್ಕದ ಒಣರೆಂಬೆಗೆ ಸುಣ್ಣದ ಗುರುತು ಹಾಕಿಟ್ಟಿದ್ದೇನೆ, ಭಾನುವಾರ ತೆಗೆಯಬೇಕು.