ಚಪ್ಪಲಿಯ ಸುಂಕ, ಪ್ರಣಾಳಿಕೆಯ ಮೌನ



ನಮ್ಮಲ್ಲಿ ಪದ್ಯದ ವಿಮರ್ಶೆ ಮಾಡೋರು ಬೇಕಾದಷ್ಟು ಜನ ಇದ್ದಾರೆ. ಪ್ರಣಾಳಿಕೆಯ ವಿಮರ್ಶೆ ಮಾಡೋರು ಇಲ್ಲ. ಕೆಟ್ಟ ಪದ್ಯದಿಂದ ಹಾಳಾಗೋದು ಒಂದು ಹಾಳೆ. ಕೆಟ್ಟ ಪ್ರಣಾಳಿಕೆಯಿಂದ ಹಾಳಾಗೋದು ಐದು ವರ್ಷದ ಅನ್ನ. ಅದಕ್ಕೇ 2023ರ ವಿಧಾನಸಭಾ ಚುನಾವಣೆಯ ಮಾತುಗಳನ್ನು ಪದ್ಯದಂತೆ ಓದಿದೆ. ಏನು ಬರೆದಿದ್ದಾರೆ ಅಂತಲ್ಲ, ಏನು ಬಿಟ್ಟಿದ್ದಾರೆ ಅಂತ.

ಕಾಂಗ್ರೆಸ್ಸು 200 ಯೂನಿಟ್ ಕರೆಂಟು, ಹೆಂಗಸರಿಗೆ 2,000 ರೂಪಾಯಿ, 10 ಕೆ.ಜಿ. ಅಕ್ಕಿ ಅಂದಿತು. ಬಿಜೆಪಿ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು, ವರ್ಷಕ್ಕೆ ಮೂರು ಸಿಲಿಂಡರು ಅಂದಿತು. ಇದನ್ನು 'ಬಿಟ್ಟಿ' ಅಂತ ಹಂಗಿಸೋರ ಜೊತೆ ನಾನಿಲ್ಲ. ಆದರೆ ನಮ್ಮ ಬೀದಿಗೆ ಬಂದ ಯಾವ ಅಭ್ಯರ್ಥಿಯೂ ದುಡ್ಡು ಯಾರ ಜೇಬಿನಿಂದ ಬರುತ್ತೆ ಅಂತ ಹೇಳಲಿಲ್ಲ. ಅಕ್ಷರ ಬಾರದ ನಮ್ಮವ್ವ ಕೇಳಿದಳು: "ಕೊಡದ್ನೆಲ್ಲ ಹೇಳ್ತಾರ ಕಣ್ಮಗ, ಈಸ್ಕೊಳದ್ನ ಯಾಕ ಹೇಳದಿಲ್ಲ?" ಬಿ.ಎ. ಓದಿದ ನನಗೆ ಹೊಳೆಯದ ಪ್ರಶ್ನೆ ಅದು.

ಅವ್ವನ ಚಪ್ಪಲಿಯನ್ನೇ ತಗೊಳ್ಳಿ. ಸಾವಿರ ರೂಪಾಯಿ ಒಳಗಿನ ಚಪ್ಪಲಿಗೆ ಶೇ. 5 ಇದ್ದ ಜಿ.ಎಸ್.ಟಿ. 2022ರ ಜನವರಿ 1ರಿಂದ ಶೇ. 12 ಆಯಿತು. ಅದಕ್ಕೆ ಮುಂಚೆ, 2019ರ ಸೆಪ್ಟೆಂಬರಿನಲ್ಲಿ, ಕಂಪನಿಗಳ ಆದಾಯ ತೆರಿಗೆ ಶೇ. 30ರಿಂದ 22ಕ್ಕೆ ಇಳಿದಿತ್ತು. ಇದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ಖೋತಾ ಅಂತ ಕೇಂದ್ರ ಸರ್ಕಾರವೇ ಹೇಳಿತು. ಬರಿಗಾಲಲ್ಲೇ ಬದುಕು ಸವೆಸಿದ ಜನ ಚಪ್ಪಲಿ ಮೆಟ್ಟಲು ಶುರು ಮಾಡಿ ಎಷ್ಟು ಕಾಲವಾಯ್ತು? 2025ರ ಸೆಪ್ಟೆಂಬರ್ 22ರಿಂದ ಚಪ್ಪಲಿಗೆ ಮತ್ತೆ ಶೇ. 5 ಮಾಡಿದ್ದಾರೆ, ಸೋಪು, ತಲೆಗೆ ಹಚ್ಚೋ ಎಣ್ಣೆ 18ರಿಂದ 5ಕ್ಕೆ ಇಳಿದಿವೆ. ಒಳ್ಳೇದೇ. ಇಳಿಸೋಕೆ ಆಗೋದಾದರೆ ಇಷ್ಟು ವರ್ಷ ಸೋಪಿಗೆ 18 ಯಾಕೆ ವಸೂಲು ಮಾಡಿದಿರಿ?

'ಅದೆಲ್ಲ ದಿಲ್ಲಿಯವರ ಕೆಲಸ' ಅಂತ ನಮ್ಮ ಅಭ್ಯರ್ಥಿಗಳು ಕೈ ತೊಳೆಯುವ ಹಾಗಿಲ್ಲ. ಜಿ.ಎಸ್.ಟಿ. ಮಂಡಳಿಯಲ್ಲಿ ಎಲ್ಲ ರಾಜ್ಯಗಳ ಮಂತ್ರಿಗಳೂ ಕೂರುತ್ತಾರೆ. ದರ ಪರಿಶೀಲನೆಯ ಮಂತ್ರಿಗಳ ಗುಂಪಿಗೆ ಮುಖ್ಯಸ್ಥರಾಗಿದ್ದವರು ಆಗಿನ ನಮ್ಮ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ. 2022ರ ಜುಲೈ 18ರಿಂದ ಬ್ರ್ಯಾಂಡಿಲ್ಲದ ಪ್ಯಾಕೆಟ್ ಅಕ್ಕಿಗೂ, ಪ್ಯಾಕೆಟ್ ಮೊಸರಿಗೂ ಶೇ. 5 ಬಿತ್ತು. ಮೊಸರಿಗೆ ಸುಂಕ ಹಾಕಿದವರೇ ಮರುವರ್ಷ ಹಾಲು ಕೊಡ್ತೀವಿ ಅಂದರು!

ಕಾಂಗ್ರೆಸ್ಸನ್ನೂ ಬಿಡಬೇಕಿಲ್ಲ. 2024ರ ಜೂನ್ 15ರಂದು ರಾಜ್ಯದ ಮಾರಾಟ ತೆರಿಗೆ ಏರಿಸಿ ಪೆಟ್ರೋಲಿಗೆ ಲೀಟರಿಗೆ 3 ರೂಪಾಯಿ ಹೆಚ್ಚು ಮಾಡಿತು. 2024-25ರಲ್ಲಿ ಪರಿಶಿಷ್ಟರ ಉಪಯೋಜನೆಯ ಸುಮಾರು 14 ಸಾವಿರ ಕೋಟಿಯನ್ನು ಗ್ಯಾರಂಟಿಗಳಿಗೆ ತೋರಿಸಿತು. ನಮ್ಮ ದುಡ್ಡನ್ನು ನಮಗೇ ಕೊಟ್ಟು ದಾನಿ ಅನಿಸಿಕೊಳ್ಳೋದು ಯಾವ ನ್ಯಾಯ?

ಕಂಪನಿಗಳ ಮೇಲೆ ಕೈ ಇಡಲು ಇವರಿಗೆ ಯಾಕೆ ಭಯ? ಉತ್ತರ ಬಾಂಡುಗಳಲ್ಲಿದೆ. 2017ರಲ್ಲಿ ಕಂಪನಿಗಳ ದೇಣಿಗೆಗೆ ಇದ್ದ ಲಾಭದ ಶೇ. 7.5ರ ಮಿತಿ ತೆಗೆದರು. 2018ರಿಂದ ಚುನಾವಣಾ ಬಾಂಡ್ ಬಂತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟು ರದ್ದು ಮಾಡಿದ ಮೇಲೆ ಲೆಕ್ಕ ಹೊರಬಿತ್ತು. ಬಿಜೆಪಿಗೆ ಆರು ಸಾವಿರ ಕೋಟಿಗೂ ಮೇಲೆ, ಕಾಂಗ್ರೆಸ್ಸಿಗೆ ಸಾವಿರ ಕೋಟಿಗೂ ಮೇಲೆ. ಹನೂರು ಗೆದ್ದ ಜೆಡಿಎಸ್‌ಗೆ 89.75 ಕೋಟಿ, ಅದರಲ್ಲಿ 50 ಕೋಟಿ ಮೇಘಾ ಎಂಜಿನಿಯರಿಂಗ್ ಒಂದರಿಂದಲೇ.

ಬಿಎಸ್‌ಪಿ ತನಗೆ ಬಾಂಡಿನ ಕಾಸು ಬಂದಿಲ್ಲ ಅಂತ ಹೇಳಿತು. 2018ರಲ್ಲಿ ಆ ಆನೆ ರಾಜ್ಯದಲ್ಲಿ ಗೆದ್ದದ್ದು ಒಂದೇ ಕಡೆ, ನಮ್ಮ ಕೊಳ್ಳೇಗಾಲದಲ್ಲಿ. ಗೆದ್ದ ಎನ್. ಮಹೇಶ್ 2019ರಲ್ಲಿ ಪಕ್ಷದಿಂದ ಉಚ್ಚಾಟನೆಯಾಗಿ 2021ರಲ್ಲಿ ಬಿಜೆಪಿ ಸೇರಿದರು. 2023ರಲ್ಲಿ ಜನ ಕಾಂಗ್ರೆಸ್ಸಿನ ಎ.ಆರ್. ಕೃಷ್ಣಮೂರ್ತಿಯವರನ್ನು ಗೆಲ್ಲಿಸಿದರು. ಇವರಲ್ಲಿ ಯಾರೋ ದುಡ್ಡು ತಿಂದರು ಅಂತ ನಾನು ಹೇಳುತ್ತಿಲ್ಲ. ಹಣ ಹೋದದ್ದು ಪಕ್ಷಗಳಿಗೆ. ನನ್ನ ಸಂಕಟ ಬೇರೆ. ಮೀಸಲು ಕ್ಷೇತ್ರದಲ್ಲಿ ಅಭ್ಯರ್ಥಿ ನಮ್ಮವನು, ಅವನ ಪಕ್ಷದ ಗಂಟು ಕಂಪನಿಯದು. ಹಾಗಿರುವಾಗ ವಿಧಾನಸೌಧದಲ್ಲಿ ಅವನ ಬಾಯಿ ಯಾರದು?

ಯಳಂದೂರಿಗೆ ಇದು ಹೊಸದಲ್ಲ. 1807ರಲ್ಲಿ ಆ ಸೀಮೆಯನ್ನೇ ದಿವಾನ್ ಪೂರ್ಣಯ್ಯನವರಿಗೆ ಜಹಗೀರು ಕೊಟ್ಟರು. ಉತ್ತವರು ಸಾವಿರ ಜನ, ಕಂದಾಯ ಒಂದು ಮನೆಗೆ. 1927ರಲ್ಲಿ ಬೊಂಬಾಯಿ ಶಾಸನ ಸಭೆಯ ಬಜೆಟ್ ಚರ್ಚೆಯಲ್ಲಿ ಬಾಬಾಸಾಹೇಬರು ಇದನ್ನೇ ಎತ್ತಿದ್ದರು. ಆದಾಯ ತೆರಿಗೆಗೆ ಒಂದು ಮಿತಿ ಇದೆ, ಬಡ ರೈತನ ಕಂದಾಯಕ್ಕೆ ಯಾಕಿಲ್ಲ ಅಂತ. ಇವತ್ತಿನ ಚಪ್ಪಲಿಯ ಸುಂಕಕ್ಕೂ ಮಿತಿ ಇಲ್ಲ. ಕೂಲಿಯವಳಿಗೂ ಸಾಹುಕಾರನಿಗೂ ಒಂದೇ ದರ.

ಮೇಷ್ಟ್ರುಗಳೇ, ವಿದ್ಯಾರ್ಥಿ ಮಿತ್ರರೇ, ಮುಂದಿನ ಸಲ ಓಟು ಕೇಳಲು ಬಂದವರನ್ನು ಕೂರಿಸಿ ಮೂರು ಮಾತು ಕೇಳಿ. ಕೊಡೋ ದುಡ್ಡು ಯಾರಿಂದ ತರ್ತೀರಿ? ನಿಮ್ಮ ಪಕ್ಷಕ್ಕೆ ಕೊಟ್ಟ ಕಂಪನಿಗಳು ಯಾವುವು? ಪರಿಶಿಷ್ಟರ ಹಣ ಮುಟ್ಟೋದಿಲ್ಲ ಅಂತ ಬರೆದುಕೊಡ್ತೀರಾ?

ಕಂಸಾಳೆಯವರು ಹಾಡೋ ಮಾದಪ್ಪನ ಕತೆಯಲ್ಲಿ, ದೇವತೆಗಳನ್ನೇ ಸೆರೆಯಿಟ್ಟುಕೊಂಡ ಶ್ರವಣ ದೊರೆ ಅಳಿದದ್ದು ಅರಗಿನ ಪಾದರಕ್ಷೆ ಮೆಟ್ಟಿ. ನಾವು ಯಾರನ್ನೂ ಸುಡಬೇಕಿಲ್ಲ. ಅವ್ವನ ಚಪ್ಪಲಿಯ ಲೆಕ್ಕ ಕೇಳಿದರೆ ಸಾಕು.